ಹೆರಿಗೆ ರಿಜಿಸ್ಟರ್‌ನಲ್ಲಿ ಖಾಲಿ ಉಳಿಯುವ ಕಾಲಂ

ಟಾಂಜಾನಿಯಾದ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ಒಂದು ದಪ್ಪ ರಿಜಿಸ್ಟರ್ ಇರುತ್ತದೆ. ಅಲ್ಲಿನ ಆರೋಗ್ಯ ಮಾಹಿತಿ ವ್ಯವಸ್ಥೆಯ ಹೆಸರು ‘ಮ್ತುಹಾ’. ಅದರ 12ನೇ ಪುಸ್ತಕವೇ ಈ ಹೆರಿಗೆ ರಿಜಿಸ್ಟರ್. ಒಬ್ಬ ತಾಯಿಗೆ ಒಂದು ಸಾಲು. ವಯಸ್ಸು, ಎಷ್ಟನೇ ಹೆರಿಗೆ, ಮಗುವಿನ ತೂಕ, ಕೊಟ್ಟ ಚಿಕಿತ್ಸೆ, ತಾಯಿ ಮತ್ತು ಮಗುವಿನ ಸ್ಥಿತಿ, ಎಲ್ಲವನ್ನೂ ನರ್ಸ್ ಆ ಸಾಲಿನಲ್ಲೇ ತುಂಬಬೇಕು. ತಿಂಗಳ ಕೊನೆಗೆ ಯಾರಾದರೊಬ್ಬರು ಕುಳಿತು ಒಂದೊಂದೇ ಕಾಲಂ ಎಣಿಸಿ, ಮೊತ್ತವನ್ನು ಮಾಸಿಕ ವರದಿಗೆ ಇಳಿಸುತ್ತಾರೆ. ಆ ವರದಿ ಜಿಲ್ಲಾ ಮಟ್ಟದಲ್ಲಿ ಡಿಎಚ್‌ಐಎಸ್2 ಎಂಬ ತಂತ್ರಾಂಶ ಸೇರುತ್ತದೆ. ಸಚಿವಾಲಯದ ಅಧಿಕಾರಿ ಪರದೆಯ ಮೇಲೆ ನೋಡುವ ನಕ್ಷೆ, ಗ್ರಾಫುಗಳೆಲ್ಲ ಹುಟ್ಟುವುದು ನರ್ಸ್ ಬರೆದ ಆ ಸಾಲಿನಿಂದ.

ಡಿಎಚ್‌ಐಎಸ್‌ನ ಬೇರು ಇರುವುದು ವರ್ಣಭೇದ ನೀತಿ ಕೊನೆಗೊಂಡ ಹೊತ್ತಿನ ದಕ್ಷಿಣ ಆಫ್ರಿಕಾದಲ್ಲಿ. ಈಗ ಅದನ್ನು ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯ ಬೆಳೆಸುತ್ತಿದೆ. ಉಚಿತವಾಗಿ ಸಿಗುವುದರಿಂದ ಹತ್ತಾರು ಬಡ ದೇಶಗಳು ಅಳವಡಿಸಿಕೊಂಡಿವೆ. ಹಾಗಾಗಿ ತಂತ್ರಾಂಶವಿಲ್ಲ ಎಂಬುದು ಈಗ ದೊಡ್ಡ ತೊಡಕಲ್ಲ. ಅದರೊಳಗೆ ಹೋಗುವ ಅಂಕಿ ಎಷ್ಟು ನಿಜ ಎಂಬುದೇ ತೊಡಕು.

ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಸುಮಾರು 2.6 ಲಕ್ಷ ತಾಯಂದಿರು ಗರ್ಭಧಾರಣೆ, ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಸತ್ತರು. 2022ರಲ್ಲಿ ಸುಮಾರು 23 ಲಕ್ಷ ಶಿಶುಗಳು ಹುಟ್ಟಿದ ತಿಂಗಳೊಳಗೇ ಕಣ್ಣು ಮುಚ್ಚಿದವು. ಇಂಥ ಬಹುಪಾಲು ಸಾವುಗಳು ಆಫ್ರಿಕಾದ ಸಹಾರಾ ದಕ್ಷಿಣದ ದೇಶಗಳಲ್ಲಿ ಮತ್ತು ದಕ್ಷಿಣ ಏಷ್ಯಾದಲ್ಲಿ ಆಗುತ್ತವೆ. ಅಲ್ಲಿ ಸರ್ಕಾರಗಳು ದಶಕಗಳಿಂದ ನೆಚ್ಚಿಕೊಂಡದ್ದು ಮನೆಮನೆಗೆ ಹೋಗಿ ಕೇಳುವ ಡಿಎಚ್‌ಎಸ್ ಸಮೀಕ್ಷೆಯನ್ನು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಅದೇ ಮಾದರಿಯದು. ಸುಮಾರು ಐದು ವರ್ಷಕ್ಕೊಮ್ಮೆ ಬರುವ ಆ ಅಂಕಿ, ಈ ತಿಂಗಳು ಯಾವ ಆಸ್ಪತ್ರೆಯಲ್ಲಿ ಏನು ತಪ್ಪುತ್ತಿದೆ ಎಂದು ಹೇಳಲಾರದು. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ತನ್ನ ವಿದೇಶಿ ನೆರವನ್ನು ತಡೆದಾಗ ಬಹುಮಟ್ಟಿಗೆ ಆ ನೆರವಿನಿಂದಲೇ ನಡೆಯುತ್ತಿದ್ದ ಈ ಸಮೀಕ್ಷಾ ಕಾರ್ಯಕ್ರಮವೂ ಅರ್ಧಕ್ಕೆ ನಿಂತಿತು. ಆಸ್ಪತ್ರೆಯ ದಿನನಿತ್ಯದ ರಿಜಿಸ್ಟರ್ ಸರಿಯಿರಬೇಕಾದ ಅಗತ್ಯ ಹಿಂದೆಂದಿಗಿಂತ ಈಗ ಹೆಚ್ಚಾಗಿದೆ.

ಆ ರಿಜಿಸ್ಟರನ್ನು ಎಷ್ಟು ನಂಬಬಹುದು? ಇದನ್ನು ಪರೀಕ್ಷಿಸಲೆಂದೇ 2017-18ರಲ್ಲಿ ಬಾಂಗ್ಲಾದೇಶ, ನೇಪಾಳ ಮತ್ತು ಟಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ‘ಇಎನ್-ಬರ್ತ್’ ಅಧ್ಯಯನ ನಡೆಯಿತು. ಸಂಶೋಧಕರು ಹೆರಿಗೆ ಕೋಣೆಯಲ್ಲೇ ನಿಂತು, ಕಣ್ಣೆದುರು ನಡೆದುದನ್ನು ಸಮಯಸಹಿತ ಟ್ಯಾಬ್‌ನಲ್ಲಿ ದಾಖಲಿಸಿದರು. ಹೀಗೆ ನೋಡಿದ ಹೆರಿಗೆಗಳು 23 ಸಾವಿರಕ್ಕೂ ಹೆಚ್ಚು. ಆಮೇಲೆ ಅದೇ ತಾಯಿಯ ಬಗ್ಗೆ ರಿಜಿಸ್ಟರ್ ಏನು ಹೇಳುತ್ತದೆ, ಮನೆಗೆ ಹೊರಡುವ ಮುನ್ನ ಕೇಳಿದಾಗ ಆಕೆಯೇ ಏನು ಹೇಳುತ್ತಾಳೆ ಎಂದು ತಾಳೆ ನೋಡಿದರು.

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕುಡಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಸಂಶೋಧಕರು ಕಣ್ಣಾರೆ ಕಂಡಂತೆ ಅದು ನಡೆದದ್ದು ಸುಮಾರು ಶೇ 11ರಷ್ಟು ಮಕ್ಕಳಿಗೆ. ತಾಯಂದಿರ ಹೇಳಿಕೆಯ ಪ್ರಕಾರ ಶೇ 53. ರಿಜಿಸ್ಟರ್‌ನ ಪ್ರಕಾರ ಶೇ 86! ಯಾರೋ ಬೇಕೆಂದೇ ಸುಳ್ಳು ಬರೆದರು ಎಂದು ನನಗೆ ಅನ್ನಿಸುವುದಿಲ್ಲ. ಒಬ್ಬಳಿಗೆ ಕಸ ಬೀಳುವಷ್ಟರಲ್ಲಿ ಪಕ್ಕದ ಹಾಸಿಗೆಯವಳಿಗೆ ನೋವು ಜೋರಾಗಿರುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ನರ್ಸ್ ಹತ್ತಾರು ಕಾಲಂಗಳನ್ನು ಒಂದೇ ಉಸಿರಿಗೆ ತುಂಬಬೇಕು. ಮೊದಲ ಹಾಲು ಎಷ್ಟು ಗಂಟೆಗೆ ಎಂಬುದನ್ನು ಗಡಿಯಾರ ನೋಡಿ ಗುರುತು ಹಾಕಿಕೊಂಡವರು ಯಾರೂ ಇರುವುದಿಲ್ಲ. ಆದರೂ ಈ ಶೇ 86 ಮೇಲಕ್ಕೆ ಹೋದರೆ ಆಗುವ ಹಾನಿ ಸಣ್ಣದಲ್ಲ. ಎಲ್ಲ ಚೆನ್ನಾಗಿದೆ ಎಂದುಕೊಂಡ ಜಿಲ್ಲಾ ಅಧಿಕಾರಿ ಆ ವಾರ್ಡಿಗೆ ಇನ್ನೊಬ್ಬ ನರ್ಸನ್ನು ಕೊಡುವುದಿಲ್ಲ.

ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದಿನದು ಇದಕ್ಕೆ ತಿರುಗುಮುರುಗು ಕಥೆ. ಮದ್ದು ಬಹುತೇಕ ಎಲ್ಲ ತಾಯಂದಿರಿಗೂ ಸಿಕ್ಕಿತ್ತು, ಆದರೆ ಅನೇಕರಿಗೆ ಅದು ತಿಳಿದೇ ಇರಲಿಲ್ಲ. ಆ ಗಳಿಗೆಯಲ್ಲಿ ತೊಡೆಗೆ ಏನು ಚುಚ್ಚಿದರೆಂದು ಗಮನಿಸುವ ಸ್ಥಿತಿಯಲ್ಲಿ ಯಾವ ಬಾಣಂತಿ ಇರುತ್ತಾಳೆ? ಇಲ್ಲಿ ರಿಜಿಸ್ಟರೇ ಒಳ್ಳೆಯ ಸಾಕ್ಷಿಯಾಗಬಹುದು. ಆದರೆ ಅದಕ್ಕೊಂದು ಷರತ್ತಿದೆ. ಆ ಮದ್ದಿಗೆಂದೇ ಬೇರೆ ಕಾಲಂ ಇರಬೇಕು. ‘ಷರಾ’ ಎಂಬ ಜಾಗದಲ್ಲಿ ನೆನಪಾದರೆ ಬರೆಯಲಿ ಎಂದು ಬಿಟ್ಟರೆ ದಾಖಲೆ ಕುಸಿಯುತ್ತದೆ.

ಕಾಲಂ ಇದ್ದೂ ಖಾಲಿ ಉಳಿದರೆ? ಮದ್ದು ಕೊಡಲಿಲ್ಲವೋ, ಕೊಟ್ಟು ಬರೆಯಲಿಲ್ಲವೋ, ಅಂದು ದಾಸ್ತಾನೇ ಇರಲಿಲ್ಲವೋ ತಿಳಿಯುವ ದಾರಿಯಿಲ್ಲ. ಪರಿಹಾರಕ್ಕೆ ದುಡ್ಡೇನೂ ಬೇಡ: ‘ಹೌದು’ಗೆ 1, ‘ಇಲ್ಲ’ಕ್ಕೆ 0, ಖಾಲಿ ಮಾತ್ರ ಬಿಡಬಾರದು. ಈ ನಿಯಮ ಬಾಳಬೇಕಾದರೆ ಕಾಲಂಗಳ ಸಂಖ್ಯೆ ಇಳಿಯಬೇಕು. ಪ್ರತಿಯೊಂದು ದಾನಿ ಸಂಸ್ಥೆಯೂ ತನಗೆ ಬೇಕಾದ ಎರಡು ಕಾಲಂ ಸೇರಿಸುತ್ತ ಹೋದರೆ ನರ್ಸ್ ಯಾವುದನ್ನೂ ನಿಗಾ ಇಟ್ಟು ತುಂಬಲಾರಳು.

ತೂಕದ ಕಾಲಂ ಮಾತ್ರ ಸಾಮಾನ್ಯವಾಗಿ ತುಂಬಿರುತ್ತದೆ. ಅಲ್ಲಿ ಕಣ್ಣಿಡಬೇಕಾದದ್ದು ಬೇರೆ. ಒಂದು ಪುಟ ತೆರೆದು ಮೇಲಿಂದ ಕೆಳಕ್ಕೆ ಓದಿ: 3000, 2500, 3500, 3000, 2500. ನಿಜವಾದ ಮಕ್ಕಳು ಇಷ್ಟು ದುಂಡಗಿನ ಅಂಕಿಗಳಲ್ಲಿ ಹುಟ್ಟುವುದಿಲ್ಲ. 2500 ಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರ ಆ ಮಗು ಕಡಿಮೆ ತೂಕದ ಶಿಶು. 2460 ಗ್ರಾಂನ ಮಗುವನ್ನು ‘ಎರಡೂವರೆ ಕೆಜಿ’ ಎಂದು ಬರೆದರೆ ಅದು ಆ ಪಟ್ಟಿಯಿಂದಲೇ ಕಣ್ಮರೆ. ಬೆಚ್ಚಗಿಡುವ, ಮತ್ತೆ ಮತ್ತೆ ತೂಗಿ ನೋಡುವ ಆರೈಕೆಯೂ ತಪ್ಪಬಹುದು. 10 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಹೆರಿಗೆ ಕೋಣೆಯೊಳಗೇ ಇರಬೇಕು, ತೂಗುವ ಮುನ್ನ ಸೊನ್ನೆಗೆ ತರಬೇಕು, ಕಂಡ ಅಂಕಿಯನ್ನು ಕಂಡಂತೆ ಬರೆಯಬೇಕು.

ಸತ್ತು ಹುಟ್ಟಿದ ಮಕ್ಕಳ ದಾಖಲೆ ಎಲ್ಲಕ್ಕಿಂತ ಕಷ್ಟದ್ದು. ಒಂದೆರಡು ಬಾರಿ ಉಸಿರೆಳೆದು ಹೋದ ಮಗುವನ್ನು ‘ಸತ್ತೇ ಹುಟ್ಟಿತು’ ಎಂದು ಬರೆಯುವುದುಂಟು. ವಿಚಾರಣೆಯ ಭಯ ಅದಕ್ಕೆ ಒಂದು ಕಾರಣ. ತಾಯಿ ಆಸ್ಪತ್ರೆಗೆ ಬಂದಾಗ ಮಗುವಿನ ಎದೆಬಡಿತವಿತ್ತೇ ಎಂಬ ಒಂದೇ ವಿವರ ದಾಖಲಾದರೂ, ಆಸ್ಪತ್ರೆಯಲ್ಲಿ ಕಳೆದುಕೊಂಡ ಮಗು ಯಾವುದು, ಬರುವ ಮೊದಲೇ ಹೋದದ್ದು ಯಾವುದು ಎಂದು ಬೇರ್ಪಡಿಸಬಹುದು. ಈ ಕಾಲಂ ತುಂಬಿದ ನರ್ಸಿಗೆ ಶಿಕ್ಷೆಯಾಗದು ಎಂಬ ಭರವಸೆಯನ್ನು ಮೇಲಧಿಕಾರಿಗಳು ಕೊಡಬೇಕು. ಇಲ್ಲದಿದ್ದರೆ ಯಾವ ತರಬೇತಿಯೂ ನಾಟುವುದಿಲ್ಲ.

ವರದಿಯನ್ನು ಪರಿಶೀಲಿಸುವ ಕ್ರಮ ಸರಳ. ರಿಜಿಸ್ಟರ್ ತೆರೆದು ಮತ್ತೆ ಎಣಿಸಿ, ಆ ಸಂಖ್ಯೆಯನ್ನು ಕಳುಹಿಸಿದ ವರದಿಯ ಪಕ್ಕದಲ್ಲಿಡುವುದು. ಪುಸ್ತಕದಲ್ಲಿ 46 ಹೆರಿಗೆಯಿದ್ದು ವರದಿಯಲ್ಲಿ 58 ಇದ್ದರೆ ಅಲ್ಲೇ ಕುಳಿತು ಕಾರಣ ಹುಡುಕಬೇಕು. ಆದರೆ ಎಣಿಕೆ ಸರಿಯಿದ್ದೂ ಶೇಕಡಾವಾರು ಕೆಡುವುದಿದೆ. ಇಥಿಯೋಪಿಯಾದಲ್ಲಿ ಕೊನೆಯ ಜನಗಣತಿ ನಡೆದದ್ದು 2007ರಲ್ಲಿ. ಈ ವರ್ಷ ಒಂದು ತಾಲ್ಲೂಕಿನಲ್ಲಿ ಎಷ್ಟು ಗರ್ಭಿಣಿಯರಿರಬೇಕು ಎಂಬ ಲೆಕ್ಕವನ್ನು ಆ ಹಳೆಯ ಗಣತಿಯಿಂದ ಅಂದಾಜಿಸಬೇಕು. ಜನ ವಲಸೆ ಬಂದ ಊರಲ್ಲಿ ಸಾಧನೆ ನೂರಕ್ಕೆ ನೂರು ದಾಟುತ್ತದೆ, ಬಿಟ್ಟುಹೋದ ಊರಲ್ಲಿ ಸಿಬ್ಬಂದಿ ವಿನಾಕಾರಣ ಬೈಸಿಕೊಳ್ಳುತ್ತಾರೆ. ಸಾಲದ್ದಕ್ಕೆ, 2019ರ ಸಮೀಕ್ಷೆಯಂತೆ ಅಲ್ಲಿ ಆಸ್ಪತ್ರೆ ಹೆರಿಗೆಗಳು ಅರ್ಧದಷ್ಟೂ ಇರಲಿಲ್ಲ. ಮನೆಯಲ್ಲಿ ಹುಟ್ಟಿದ ಮಗು ಯಾವ ವಾರ್ಡಿನ ರಿಜಿಸ್ಟರ್‌ಗೂ ಬರುವುದಿಲ್ಲ.

ಅಂಥವರನ್ನು ಮುಟ್ಟುವ ಏರ್ಪಾಡೂ ಇಥಿಯೋಪಿಯಾದಲ್ಲೇ ಇದೆ. 2003ರಲ್ಲಿ ಆರಂಭವಾದ ಯೋಜನೆಯಡಿ ಹಳ್ಳಿಯ ಆರೋಗ್ಯ ಠಾಣೆಗೆ ಸಾಮಾನ್ಯವಾಗಿ ಇಬ್ಬರು ಸಂಬಳದ ಕಾರ್ಯಕರ್ತೆಯರು. ಪ್ರತಿ ಮನೆಗೊಂದು ಕುಟುಂಬ ಕಡತ, ಒಳಗೆ ನಮ್ಮ ತಾಯಿ ಕಾರ್ಡನ್ನು ಹೋಲುವ ಆರೈಕೆ ಕಾರ್ಡು. ನನಗೆ ತುಂಬ ಮೆಚ್ಚುಗೆಯಾದದ್ದು ಕಡತಗಳ ಜೊತೆಗಿರುವ ತಿಂಗಳವಾರು ಪೆಟ್ಟಿಗೆ. ಗರ್ಭಿಣಿ ಮುಂದೆ ಯಾವ ತಿಂಗಳು ಬರಬೇಕೋ ಆ ತಿಂಗಳ ಖಾನೆಗೆ ಆಕೆಯ ಕಾರ್ಡು ಹೋಗುತ್ತದೆ. ಬಂದು ಹೋದವಳ ಕಾರ್ಡು ಮುಂದಿನ ಖಾನೆಗೆ ಸರಿಯುತ್ತದೆ. ತಿಂಗಳು ಮುಗಿದಾಗ ಉಳಿದ ಕಾರ್ಡುಗಳೇ ಹುಡುಕಿಕೊಂಡು ಹೋಗಬೇಕಾದ ಮನೆಗಳ ಪಟ್ಟಿ. ಬರೆದವಳಿಗೇ ಮರುದಿನ ಬಳಕೆಗೆ ಬರುವ ದಾಖಲೆಯನ್ನು ಆಕೆ ಜೋಪಾನವಾಗಿ ಬರೆಯುತ್ತಾಳೆ.

ಈಗ ಈ ಕಾರ್ಡುಗಳ ಕೆಲಸ ಟ್ಯಾಬ್‌ಗೆ ಬರುತ್ತಿದೆ. ಬಾರದವರ ಪಟ್ಟಿಯನ್ನು ಅದೇ ತೋರಿಸಬಲ್ಲದು. ಆದರೆ ಟ್ಯಾಬ್ ಬಂದ ಮೇಲೂ ಕಾಗದವನ್ನು ಮುಂದುವರಿಸಿ ಎಂದಾಗ ಕಾರ್ಯಕರ್ತೆ ಒಂದೇ ವಿವರವನ್ನು ಎರಡು ಸಲ ಬರೆಯಬೇಕಾಗುತ್ತದೆ, ಆ ಸಮಯ ಮನೆಭೇಟಿಯಿಂದ ಕಡಿತವಾಗುತ್ತದೆ. ಟ್ಯಾಬ್ ಹಂಚುವ ಆದೇಶದಲ್ಲೇ ಯಾವ ರಿಜಿಸ್ಟರ್ ಯಾವ ತಾರೀಖಿಗೆ ನಿಲ್ಲುತ್ತದೆ ಎಂಬುದನ್ನೂ ಬರೆದು ಕೊಡಬೇಕು.