ಬಾಗಿಲು ಮುಚ್ಚಿದವರ ಊರಲ್ಲಿ ಚಾಕೊಲೇಟು

ಇಂಗ್ಲೆಂಡಿನ ಯಾರ್ಕ್ ಊರಿಗೆ ಹೋದವರು ಮೊದಲು ಮಿನ್‌ಸ್ಟರ್ ಚರ್ಚು ನೋಡುತ್ತಾರೆ. ಆಮೇಲೆ ಕೋಟೆಗೋಡೆಯ ಮೇಲೆ ಒಂದು ಸುತ್ತು. ಕಾಲು ಸೋತ ಮೇಲೆ ಕಿಂಗ್ಸ್ ಸ್ಕ್ವೇರ್‌ನ 'ಯಾರ್ಕ್ಸ್ ಚಾಕೊಲೇಟ್ ಸ್ಟೋರಿ'. 2012ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಗೈಡ್ ಕತೆ ಹೇಳುತ್ತಾರೆ, ರುಚಿ ತೋರಿಸುತ್ತಾರೆ, ನಮ್ಮ ಕೈಯಲ್ಲೇ ಚಾಕೊಲೇಟು ಮಾಡಿಸುತ್ತಾರೆ. ಮಕ್ಕಳಿಗೆ ಹಬ್ಬ. ಆದರೆ ಈ ಊರಿಗೆ ಚಾಕೊಲೇಟು ಯಾಕೆ ಬಂತು ಎಂದು ತಿಳಿಯಬೇಕಾದರೆ ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಫಾಸ್‌ಗೇಟ್ ಬೀದಿಗೆ ಹೋಗಬೇಕು.

ಅಲ್ಲಿ 1357ರಲ್ಲಿ ಕಟ್ಟಲು ಹಿಡಿದ, ದಪ್ಪ ಮರದ ತೊಲೆಗಳ ಭವನವೊಂದಿದೆ: ಮರ್ಚೆಂಟ್ ಅಡ್ವೆಂಚರರ್ಸ್ ಹಾಲ್. ವರ್ತಕರ ಸಂಘದ್ದು. ಅವರ ಅಪ್ಪಣೆಯಿಲ್ಲದೆ ಊರಲ್ಲಿ ಅಂಗಡಿ ಇಡುವಂತಿರಲಿಲ್ಲ. 1725ರಲ್ಲಿ ಮೇರಿ ಟ್ಯೂಕ್ ಎಂಬ ಅವಿವಾಹಿತೆ ಅಪ್ಪಣೆಯ ಗೋಜಿಗೇ ಹೋಗದೆ ದಿನಸಿ ಅಂಗಡಿ ತೆರೆದಳು, ಅದೂ ಅದೇ ಬೀದಿ ಸೇತುವೆ ದಾಟಿ ಮುಂದುವರಿಯುವ ವಾಲ್ಮ್‌ಗೇಟ್‌ನಲ್ಲಿ. ಸಂಘದವರು ವರ್ಷಗಟ್ಟಲೆ ಬೆದರಿಸಿದರು. ಅವಳು ಬಾಗಿಲು ಹಾಕಲಿಲ್ಲ. ಕೊನೆಗೆ ಸೋತು ಅಪ್ಪಣೆ ಕೊಟ್ಟವರು ಅವರೇ. ಮುಂದೆ ಟ್ಯೂಕ್ ಮನೆತನ ಚಹಾ, ಕಾಫಿ ಜೊತೆಗೆ ಕೋಕೋ ಮಾರಲು ಹಿಡಿಯಿತು.

ಟ್ಯೂಕ್‌ಗಳು ಕ್ವೇಕರ್ ಪಂಥದವರು. ಆಣೆ ಮಾಡುವುದು ಪಾಪವೆಂದು ನಂಬಿದವರು. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಕಾರಣ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ 19ನೇ ಶತಮಾನದ ನಡುವಿನವರೆಗೂ ಅವರಿಗೆ ದಕ್ಕುತ್ತಿರಲಿಲ್ಲ. ಯುದ್ಧ ಒಪ್ಪದವರಿಗೆ ಸೈನ್ಯದ ಮಾತಂತೂ ಇಲ್ಲ. ಉಳಿದದ್ದು ವ್ಯಾಪಾರ. ಕುಡಿತವನ್ನು ಬಿಡಿಸಲು ಬಿಸಿ ಕೋಕೋ ಒಳ್ಳೆಯ ಉಪಾಯವೆಂದೂ ಅವರಿಗೆ ಕಂಡಿತ್ತು. ಬರ್ಮಿಂಗ್‌ಹ್ಯಾಮಿನ ಕ್ಯಾಡ್ಬರಿ, ಬ್ರಿಸ್ಟಲ್‌ನ ಫ್ರೈ, ಯಾರ್ಕ್‌ನ ರೌನ್‌ಟ್ರೀ, ಮೂವರೂ ಕ್ವೇಕರರಾದದ್ದು ಕಾಕತಾಳೀಯವಲ್ಲ.

1862ರಲ್ಲಿ ಹೆನ್ರಿ ಐಸಾಕ್ ರೌನ್‌ಟ್ರೀ ಟ್ಯೂಕ್‌ಗಳ ಕೋಕೋ ವ್ಯಾಪಾರ ಕೊಂಡ. ಏಳೇ ವರ್ಷದಲ್ಲಿ ಅದು ಮುಳುಗುವ ಸ್ಥಿತಿಗೆ ಬಂದು, ಲೆಕ್ಕಪತ್ರದಲ್ಲಿ ಗಟ್ಟಿಗನಾದ ಅಣ್ಣ ಜೋಸೆಫ್ ಕೈಜೋಡಿಸಿದ. ಆಗಿನ ಕೋಕೋ ಕುಡಿಯಲು ಸುಖವಾದ ವಸ್ತುವಲ್ಲ. ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ಲೋಟದ ಮೇಲೆ ಜಿಡ್ಡು ತೇಲುತ್ತಿತ್ತು, ಅದನ್ನು ಹೀರಿಕೊಳ್ಳಲು ಪಿಷ್ಟ ಬೆರೆಸುತ್ತಿದ್ದರು. (ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆದವರಿಗೆ ಆ ಬೀಜದ ಕಹಿಯೂ ಗೊತ್ತು. ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟು ಕಾರ್ಖಾನೆ ಶುರುವಾದದ್ದು 1986ರಲ್ಲಿ.) ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರ ಡಚ್ಚರ ಕೈಯಲ್ಲಿತ್ತು. ಆ ವಿಧಾನದಿಂದ 1880ರ ದಶಕದಲ್ಲಿ ರೌನ್‌ಟ್ರೀಗಳು ಬೆರಕೆಯಿಲ್ಲದ 'ಎಲೆಕ್ಟ್' ಕೋಕೋ ತಂದರು. ಅಷ್ಟರಲ್ಲಿ ಫ್ರಾನ್ಸಿನವನೊಬ್ಬನ ಕೈಚಳಕದಿಂದ ಹುಟ್ಟಿದ ಹಣ್ಣಿನ ಪ್ಯಾಸ್ಟಿಲ್‌ಗಳು ಗಲ್ಲಾಪೆಟ್ಟಿಗೆಯನ್ನು ತುಂಬಿದ್ದವು. ಶತಮಾನ ತಿರುಗುವ ಹೊತ್ತಿಗೆ ಹ್ಯಾಕ್ಸ್‌ಬಿ ರಸ್ತೆಯ ಹೊಸ ಕಾರ್ಖಾನೆಯಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು.

ಪ್ರವಾಸಿಗರಿಗೆ ಸಿಹಿಯ ಭಾಗ ಇಷ್ಟ. ನನಗೆ ಈ ಮನೆತನದಲ್ಲಿ ಹೆಚ್ಚು ಹಿಡಿಸುವವನು ಜೋಸೆಫ್‌ನ ಮಗ ಸೀಬೋಮ್. ಅವನು ಯಾರ್ಕ್‌ನ ಕಾರ್ಮಿಕರ ಮನೆಗಳ ಲೆಕ್ಕ ಹಿಡಿಸಿದ: 11,000ಕ್ಕೂ ಹೆಚ್ಚು ಕುಟುಂಬ, 46,000ಕ್ಕೂ ಹೆಚ್ಚು ಜನ. ಊರಿನ ನೂರರಲ್ಲಿ ಸುಮಾರು 28 ಮಂದಿ ಬಡತನದಲ್ಲಿದ್ದಾರೆಂದು 1901ರ ಪುಸ್ತಕದಲ್ಲಿ ಬರೆದ. ಅವರಲ್ಲಿ ಎಷ್ಟೋ ಜನ ಸೋಮಾರಿಗಳಲ್ಲ. ದುಡಿದೂ ಹೊಟ್ಟೆ ತುಂಬದವರು. ಚಾಕೊಲೇಟಿನ ದುಡ್ಡು ಕಂಡ ಮನೆಯಿಂದ ಇಂಥ ಪುಸ್ತಕ ಬಂತೆಂಬುದು ಸಣ್ಣ ಮಾತಲ್ಲ. ಊರ ಹೊರಗಿನ ನ್ಯೂ ಇಯರ್ಸ್‌ವಿಕ್ ಎಂಬ ಮಾದರಿ ಹಳ್ಳಿಯನ್ನೂ ಅದೇ ದಶಕದಲ್ಲಿ ಕಟ್ಟಿದರು. ಕಾರ್ಮಿಕರಿಗೆ ಪಿಂಚಣಿ ಬಂದದ್ದು 1906ರಲ್ಲಿ. ಬೇಕಾದರೆ ಇದನ್ನೆಲ್ಲ ಮಾಲೀಕರ ಯಜಮಾನಿಕೆ ಎಂದೂ ಕರೆಯಬಹುದು. ಕೋಕೋ ಬೆಳೆದ ದೂರದ ತೋಟಗಳ ಕೂಲಿಗಳವರೆಗೆ ಈ ಔದಾರ್ಯ ಮುಟ್ಟಲಿಲ್ಲ.

ಊರಿನ ಇನ್ನೊಂದು ದೊಡ್ಡ ಹೆಸರು ಟೆರ್ರಿ. ಅವರು ಕ್ವೇಕರರಲ್ಲ, ಮೇಯರ್ ಗಾದಿಯವರೆಗೂ ಏರಿದವರು. ಹೋಳು ಹೋಳಾಗಿ ಬಿಡಿಸಿ ತಿನ್ನುವ 'ಚಾಕೊಲೇಟ್ ಆರೆಂಜ್' 1932ರಲ್ಲಿ ಅವರ ಕಾರ್ಖಾನೆಯಿಂದ ಬಂತು. ಮೂರು ವರ್ಷದ ಮೇಲೆ ರೌನ್‌ಟ್ರೀಗಳು 'ಚಾಕೊಲೇಟ್ ಕ್ರಿಸ್ಪ್' ತಂದರು. ಗಂಡಸು ಕೆಲಸಕ್ಕೆ ಹೊರಡುವಾಗ ಚೀಲದಲ್ಲಿ ಒಯ್ಯುವಂಥದ್ದೊಂದು ಬೇಕೆಂದು ಕಾರ್ಖಾನೆಯ ಸಲಹಾಪೆಟ್ಟಿಗೆಯಲ್ಲಿ ಯಾರೋ ಚೀಟಿ ಹಾಕಿದ್ದರಂತೆ. 1937ರಿಂದ ಅದಕ್ಕೆ ಕಿಟ್‌ಕ್ಯಾಟ್ ಹೆಸರು ಅಂಟಿತು. ನಮ್ಮ ಬಸ್‌ಸ್ಟ್ಯಾಂಡ್ ಗೂಡಂಗಡಿಯಲ್ಲೂ ಮಾರಾಟವಾಗುವ ತಿನಿಸಿನ ತವರು ಇದು.

1988ರಲ್ಲಿ ಊರಿನವರ ವಿರೋಧದ ನಡುವೆಯೇ ರೌನ್‌ಟ್ರೀ ಕಂಪನಿ ಸ್ವಿಸ್ ಮೂಲದ ನೆಸ್ಲೆಯ ಪಾಲಾಯಿತು. ಹ್ಯಾಕ್ಸ್‌ಬಿ ರಸ್ತೆಯ ಕಡೆ ಇಂದೂ ಕಿಟ್‌ಕ್ಯಾಟ್ ತಯಾರಾಗುತ್ತದೆ. ಟೆರ್ರಿಯ ಕಾರ್ಖಾನೆ 2005ರಲ್ಲಿ ಬಾಗಿಲು ಹಾಕಿತು. ಅದರ ಗಡಿಯಾರದ ಗೋಪುರ ಅಲ್ಲೇ ನಿಂತಿದೆ, ಸುತ್ತ ಹೊಸ ಮನೆಗಳು. ಸಾಹೇಬರು ಕೂತು ಲೆಕ್ಕ ನೋಡುತ್ತಿದ್ದ ಕಚೇರಿ ಈಗ ವೃದ್ಧರನ್ನು ನೋಡಿಕೊಳ್ಳುವ ಮನೆ. ಬಾಗಿಲಲ್ಲಿ ಮಾತ್ರ ಇನ್ನೂ ಹಳೆಯ ಹೆಸರು, 'ಚಾಕೊಲೇಟ್ ವರ್ಕ್ಸ್'.