ಹೊಸ ಫೋನು ಬಂದಿದೆ, ಕೊಳ್ಳೋಣವೇ?



2025ರ ಜುಲೈ ತಿಂಗಳ ಒಂದು ರಾತ್ರಿ ನಮ್ಮ ಗುರುನಿವಾಸದ ಫೋನು ಮೇಜಿನ ಮೇಲೆ ಸತ್ತು ಬಿದ್ದಿತ್ತು. ಮಲಗುವಾಗ ಅದರಲ್ಲಿ ಚಾರ್ಜು ಶೇಕಡಾ 30 ಎಂದು ತೋರಿಸುತ್ತಿತ್ತು. ಬೆಳಗಿನವರೆಗೆ ಧಾರಾಳವಾಯಿತು ಎಂದುಕೊಂಡು ನಾವಿಬ್ಬರೂ ಗುರುಗಳು ಮಲಗಿದೆವು. ಬೆಳಿಗ್ಗೆ ಬಲಿಪೂಜೆಗೆ ಹೊರಡುವ ಮುನ್ನ ಚಾರ್ಜಿಗೆ ಹಾಕಿದಾಗಲೇ ಗೊತ್ತಾದದ್ದು: ರಾತ್ರಿ ಎರಡು ಗಂಟೆಯಿಂದ ಆರು ಸಲ ಕರೆ ಬಂದಿತ್ತು. ಪವಿತ್ರ ತೈಲ ಹಿಡಿದುಕೊಂಡು ಮಿರಜಿನ ಆಸ್ಪತ್ರೆಗೆ ಓಡಿದೆವು. ಅಥಣಿ ಕಡೆಯ ಆ ವೃದ್ಧ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಬಾಗಿಲಲ್ಲಿ ನಿಂತಿದ್ದ ಮಗ ನಮ್ಮನ್ನು ಬೈಯಲಿಲ್ಲ. "ಅವ್ವ ಎರಡು ಸಲ ಕೇಳಿದಳ್ರೀ, ಫಾದರ್ ಬಂದ್ರೇನು ಅಂತ" ಎಂದಷ್ಟೇ ಹೇಳಿದ.

ಮಿರಜು ಆಸ್ಪತ್ರೆಗಳ ಊರು. 1894ರಲ್ಲಿ ಪ್ರೆಸ್ಬಿಟೇರಿಯನ್ ಮಿಷನರಿ ಡಾಕ್ಟರ್ ವಿಲಿಯಂ ವಾನ್ಲೆಸ್ ಇಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಅಥಣಿ, ರಾಯಬಾಗ, ಚಿಕ್ಕೋಡಿ, ಜತ್ತ ಕಡೆಯ ನಮ್ಮ ಕನ್ನಡದ ಜನ ಕಾಯಿಲೆ ಎಂದರೆ ಇಲ್ಲಿಗೇ ಬರುತ್ತಾರೆ. ಮರಾಠಿ ಅಷ್ಟಾಗಿ ಬಾರದ ಹಿರಿಯರು ಕೊನೆಗಾಲದಲ್ಲಿ ಕನ್ನಡದಲ್ಲಿ ಒಂದು ಪ್ರಾರ್ಥನೆ ಕೇಳಲು ಬಯಸುವುದು ಸಹಜ. ಆದ್ದರಿಂದ ನಮ್ಮ ಮನೆಯಲ್ಲಿ ಫೋನು ಹತ್ತುವುದು, ಹತ್ತದಿರುವುದು ಸಣ್ಣ ಮಾತಲ್ಲ.

ಸೆಪ್ಟೆಂಬರಿನಲ್ಲಿ ಅದೇ ಮಗ ಗುರುನಿವಾಸಕ್ಕೆ ಬಂದ. ಸಾಂಗ್ಲಿಯ ಅರಿಶಿನ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ಆತ. "ಹೊಸ ಐಫೋನ್ ಬಂದೈತ್ರಿ ಫಾದರ್. ಅವ್ವನ ಹೆಸರಿನ್ಯಾಗ ನಿಮಗ ಕೊಡಸ್ತೀನಿ. ಇನ್ನೊಬ್ಬರಿಗೆ ಹಂಗ ಆಗಬಾರದು" ಎಂದ. ಐಫೋನ್ 17 ಆಗಷ್ಟೇ ಬಿಡುಗಡೆಯಾಗಿತ್ತು, ಬೆಲೆ 82,900 ರೂಪಾಯಿಯಿಂದ ಆರಂಭ. ಅಷ್ಟು ರೊಕ್ಕ ಎಲ್ಲಿಂದ ಎಂದು ಕೇಳಿದರೆ, "24 ಕಂತು ಮಾಡ್ತಾರ್ರಿ, ಬಡ್ಡಿನ ಇಲ್ಲ" ಎಂದ.

ನಮಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಗುರುಮಠದಲ್ಲಿದ್ದಾಗ ಇಡೀ ಮನೆಗೆ ಒಂದೇ ದೂರವಾಣಿ ಇಟ್ಟುಕೊಂಡು, ಮನೆಯವರ ಕರೆಗೆ ಸಾಲಿನಲ್ಲಿ ನಿಂತವರು ನಾವು. ಆದರೂ ಆ ಸಂಜೆ ಇಬ್ಬರೂ ಅದರ ಕ್ಯಾಮೆರಾದ ಬಗ್ಗೆ ಊಟ ಆರುವವರೆಗೆ ಮಾತಾಡಿದೆವು. ಕ್ಯಾಮೆರಾಕ್ಕೂ ಆ ರಾತ್ರಿಗೂ ಏನು ಸಂಬಂಧ ಎಂಬುದು ಕೈ ತೊಳೆಯುವಾಗ ಹೊಳೆಯಿತು. ಆತನಿಗೆ ಹದಿನೈದು ದಿನ ತಡೆಯಲು ಹೇಳಿ, ಮೊದಲು ನಮ್ಮ ಫೋನು ಸತ್ತದ್ದು ಏಕೆ ಎಂದು ತಿಳಿಯಲು ಹೊರಟೆವು.

ಮಿರಜಿನ ರಿಪೇರಿಯವನು ಫೋನನ್ನು ಬಿಚ್ಚಿ ಎರಡು ನಿಮಿಷದಲ್ಲಿ ಹೇಳಿದ: ಬ್ಯಾಟರಿ ಮುಪ್ಪಾಗಿದೆ. ಲಿಥಿಯಂ ಬ್ಯಾಟರಿ ಪ್ರತಿ ಸಲ ತುಂಬಿ ಖಾಲಿಯಾದಾಗಲೂ ಒಂದಿಷ್ಟು ಸವೆಯುತ್ತದೆ. ಐಫೋನ್ 14ರವರೆಗಿನ ಮಾದರಿಗಳ ಬ್ಯಾಟರಿ 500 ಸುತ್ತು ಚಾರ್ಜಾದ ಮೇಲೆ ಮೂಲ ಶಕ್ತಿಯ ಶೇಕಡಾ 80ರಷ್ಟು ಉಳಿಸಿಕೊಳ್ಳುತ್ತದೆ, 15ರಿಂದ ಮುಂದಿನವು 1,000 ಸುತ್ತಿನ ಮೇಲೆ, ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ಸವೆದ ಬ್ಯಾಟರಿಯ ಒಳಗೆ ಪ್ರತಿರೋಧ ಹೆಚ್ಚುತ್ತದೆ. ಫೋನು ಒಮ್ಮೆಲೆ ಹೆಚ್ಚು ವಿದ್ಯುತ್ತು ಎಳೆದರೆ ಒತ್ತಡ ಕುಸಿದು, ಲೆಕ್ಕದಲ್ಲಿ 30 ಇದ್ದರೂ ಫೋನು ಆರಿಹೋಗುತ್ತದೆ. ಇದು ನಮ್ಮೊಬ್ಬರ ಪಾಡಲ್ಲ. ಹಳೆಯ ಬ್ಯಾಟರಿಯ ಐಫೋನುಗಳು ಹೀಗೆ ಆರಬಾರದೆಂದು ಅವುಗಳ ವೇಗವನ್ನೇ ತಗ್ಗಿಸಿದ್ದಾಗಿ ಆ್ಯಪಲ್ 2017ರ ಕೊನೆಯಲ್ಲಿ ಒಪ್ಪಿಕೊಂಡು, ಮರುವರ್ಷ ಬ್ಯಾಟರಿ ಬದಲಿಸುವ ದರ ಇಳಿಸಿತ್ತು. ಫೋನೇ ಹಳತಾಯಿತೆಂದು ತಿಳಿದು ಹೊಸದು ಕೊಂಡವರು ಎಷ್ಟು ಮಂದಿಯೋ! (ನಮ್ಮದು ಆ ಕಂಪನಿಯದಲ್ಲ. ಆದರೆ ಮುಪ್ಪು ಎಲ್ಲರಿಗೂ ಒಂದೇ.)

ಹೊಸ ಬ್ಯಾಟರಿ ಕೂರಿಸಲು ಒಂದು ಗಂಟೆ ಬೇಕೆಂದ. ಆ ಹೊತ್ತನ್ನು ಸಿತಾರ್ ಮೇಕರ್ ಗಲ್ಲಿಯಲ್ಲಿ ಕಳೆದೆವು. ಹತಾರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಗಳ ಕೆಲಸಕ್ಕಿಳಿದು ಬೆಳೆಸಿದ ಗಲ್ಲಿ ಅದು. ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು. ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಬಿರುಕು ಬಿಟ್ಟ ಹಳೆಯ ತಂಬೂರಿಯ ಸೋರೆಬುರುಡೆಗೆ ಅಂಟು ಹಚ್ಚುತ್ತಿದ್ದರು. ಹೊಸದು ಮಾಡಿಸುವುದು ಸುಲಭವಲ್ಲವೇ ಎಂದು ಕೇಳಿದೆವು. "ಸುಲಭ. ಆದರೆ ಅವರಿಗೆ ಇದರ ಸ್ವರ ಬೇಕು" ಎಂದು ಮರಾಠಿಯಲ್ಲಿ ಉತ್ತರಿಸಿ ಮತ್ತೆ ಕೆಲಸದಲ್ಲಿ ಮುಳುಗಿದರು.

ಬ್ಯಾಟರಿಗೆ 1,800 ರೂಪಾಯಿ ಕೊಟ್ಟೆವು. ಅಲ್ಲಿಗೆ ಕಥೆ ಮುಗಿಯಬಹುದಿತ್ತು, ಮುಗಿಯಲಿಲ್ಲ. ರಿಪೇರಿಯವನು ಇನ್ನೊಂದು ಮಾತು ಹೇಳಿದ್ದ: ಈ ಫೋನಿಗೆ ಕಂಪನಿಯಿಂದ ಸುರಕ್ಷತೆಯ ಅಪ್‌ಡೇಟ್ ನಿಂತು ಎರಡು ವರ್ಷವಾಗಿದೆ. ಧರ್ಮಕೇಂದ್ರದ ಕಾಣಿಕೆ ಯುಪಿಐ ಮೂಲಕ ಬರುವುದು, ಬ್ಯಾಂಕಿನ ಲೆಕ್ಕ ನೋಡುವುದು ಎಲ್ಲ ಇದರಲ್ಲೇ. ಅಪ್‌ಡೇಟ್ ಎಂದರೆ ಮೋಸಗಾರರು ಕಂಡುಹಿಡಿದ ಕಿಂಡಿಗಳನ್ನು ಮುಚ್ಚುವ ಕೆಲಸ. ಮುಚ್ಚುವವರಿಲ್ಲದ ಫೋನಿನಲ್ಲಿ ಜನರ ದುಡ್ಡಿನ ಲೆಕ್ಕ ಇಡುವುದು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಕಾಣಿಕೆ ಇಟ್ಟಂತೆ. ಅಂದಮೇಲೆ ಲೆಕ್ಕಕ್ಕೆ ಬೇರೆ ಫೋನು ಬೇಕೇ ಬೇಕು. ನಮ್ಮ ಎಣಿಕೆಯಲ್ಲಿ ಫೋನು ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ? ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 2023ರಲ್ಲಿ, ಸ್ಯಾಮ್‌ಸಂಗ್ ತನ್ನ ಎಸ್24ಕ್ಕೆ 2024ರಲ್ಲಿ ಏಳು ವರ್ಷದ ಮಾತು ಕೊಟ್ಟವು. ಅಗ್ಗದ ಎಷ್ಟೋ ಫೋನುಗಳಿಗೆ ಇದರ ಅರ್ಧವೂ ಸಿಗುವುದಿಲ್ಲ.

ಬೇಕೆಂದ ಮಾತ್ರಕ್ಕೆ ಮೊನ್ನೆ ಬಿಡುಗಡೆಯಾದದ್ದೇ ಆಗಬೇಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಐಫೋನ್ 16 ಬಂದ ಕೂಡಲೇ ಐಫೋನ್ 15ರ ಬೆಲೆ 79,900ರಿಂದ 69,900ಕ್ಕೆ ಇಳಿಯಿತು. ಫೋನು ಅದೇ, ಒಂದು ರಾತ್ರಿಯಲ್ಲಿ ಹತ್ತು ಸಾವಿರ ಕಡಿಮೆ. ಕಂತಿನ ವಿಷಯವನ್ನಂತೂ ಆ ಮಗನನ್ನು ಕೂರಿಸಿಕೊಂಡು ಕಾಗದದ ಮೇಲೆಯೇ ಬರೆದೆವು. 82,900 ಭಾಗಿಸು 24: ತಿಂಗಳಿಗೆ 3,454 ರೂಪಾಯಿ, ಎರಡು ವರ್ಷ. ಶೂನ್ಯ ಬಡ್ಡಿ ಎಂಬುದೇ ಇರುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿತ್ತು. ಬಡ್ಡಿ ಸಂಸ್ಕರಣಾ ಶುಲ್ಕದಲ್ಲಿ ಅಡಗಿರುತ್ತದೆ, ಇಲ್ಲವೇ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ನಮಗೆ ತಪ್ಪಿರುತ್ತದೆ. ಲೆಕ್ಕ ಬರೆಯುವವನಿಗೆ ಇದನ್ನು ನಾವು ಹೇಳಬೇಕಾಯಿತಲ್ಲ ಎಂದು ಆತನೇ ನಕ್ಕ. ಆಮೇಲೆ ನಗು ನಿಲ್ಲಿಸಿ, "ಹಂಗಾರ ಅವ್ವನ ಹೆಸರಿಗೆ ನಾ ಏನೂ ಮಾಡೂದು ಬ್ಯಾಡೇನ್ರಿ?" ಎಂದು ಕೇಳಿದ.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದನ್ನು ಕೊಟ್ಟದ್ದು ನಮ್ಮ ಅಡುಗೆಯ ತಾಯಿ. 2019ರ ಆಗಸ್ಟಿನ ಮಹಾಪೂರದಲ್ಲಿ, ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 45 ಅಡಿಯ ಅಪಾಯದ ಗೆರೆ ದಾಟಿ 57 ಅಡಿಗೂ ಮೇಲೆ ಏರಿದ ದಿನಗಳಲ್ಲಿ, ಕರೆಂಟು ಇಲ್ಲದೆ ಎಲ್ಲರ ದೊಡ್ಡ ಫೋನುಗಳು ಒಂದೇ ದಿನಕ್ಕೆ ಮಲಗಿದ್ದವು. ಅವರ ಗುಂಡಿ ಒತ್ತುವ ಸಣ್ಣ ಫೋನಿನಿಂದಲೇ ಓಣಿಯವರೆಲ್ಲ ಊರಿಗೆ ಮಾತಾಡಿದ್ದರಂತೆ. "ರಾತ್ರಿ ಫೋನು ಬರಾಕ ಕ್ಯಾಮೆರಾ ಯಾಕ ಬೇಕ್ರಿ ಫಾದರ್?" ಎಂದರು, ರೊಟ್ಟಿ ತಟ್ಟುತ್ತಲೇ.

ಕೊನೆಗೆ ಹೀಗಾಯಿತು. ಆರ್ಥಿಕ ಸಮಿತಿಯ ಒಪ್ಪಿಗೆ ಪಡೆದು ಲೆಕ್ಕಪತ್ರಕ್ಕೆಂದು ಹಿಂದಿನ ವರ್ಷದ ಮಾದರಿಯ ಮಧ್ಯಮ ಬೆಲೆಯ ಫೋನೊಂದನ್ನು ನಗದು ಕೊಟ್ಟು ತಂದೆವು. ಬ್ಯಾಂಕಿನಲ್ಲಿ ನಂಬರು ಬದಲಿಸಲು ಮೂರು ಸಲ ಅಲೆದೆವು, ಅದಿರಲಿ. ಹೊಸ ಬ್ಯಾಟರಿಯ ಹಳೆಯ ಫೋನು, ಬ್ಯಾಂಕಿನದೆಲ್ಲ ಅಳಿಸಿ, ಗಾಯನವೃಂದದ ಅಭ್ಯಾಸಕ್ಕೆ ಹೋಯಿತು. ಎಲ್ಲರ ಬಳಿ ಇರುವ ನಮ್ಮ ಹಳೆಯ ನಂಬರಿಗೆ ಆ ಮಗ ತನ್ನ ತಾಯಿಯ ಹೆಸರಿನಲ್ಲಿ ಗುಂಡಿಯ ಫೋನು ಕೊಡಿಸಿದ, 1,600 ರೂಪಾಯಿ. ಅಲ್ಲಿಯೂ ಒಂದು ತಪ್ಪು ಮಾಡುವವರಿದ್ದೆವು: ನಮ್ಮ ಸಿಮ್ಮು ಜಿಯೋದ್ದು, ಜಿಯೋಕ್ಕೆ 2ಜಿ ಇಲ್ಲ, ಆದ್ದರಿಂದ 4ಜಿ ಇರುವ ಗುಂಡಿಯ ಫೋನನ್ನೇ ಕೇಳಿ ತರಬೇಕು. ಅಂಗಡಿಯ ಹುಡುಗ ಹೇಳದಿದ್ದರೆ ಮತ್ತೆ ಹತ್ತದ ಫೋನೇ ಮನೆಗೆ ಬರುತ್ತಿತ್ತು.

ಈಗ ಅದು ಒಳಕೋಣೆಯ ಗೂಡಿನಲ್ಲಿ ಸದಾ ಚಾರ್ಜಿನ ತಂತಿಗೆ ಅಂಟಿಕೊಂಡಿರುತ್ತದೆ, ಗಂಟೆಯ ಸದ್ದು ಪೂರ್ತಿ ಏರಿಸಿ. ತಂದ ನಾಲ್ಕನೆಯ ರಾತ್ರಿ ಎರಡು ಗಂಟೆಗೆ ಅದು ಬಡಿದುಕೊಂಡಿತು. ಇಬ್ಬರೂ ಎದ್ದೆವು, ಒಬ್ಬರು ಫೋನಿಗೆ, ಒಬ್ಬರು ತೈಲಕ್ಕೆ ಕೈ ಚಾಚಿದೆವು.

"ಯಾರೂ ಇಲ್ರೀ ಫಾದರ್, ನಾನ" ಎಂದಿತು ಅರಿಶಿನ ಮಾರುಕಟ್ಟೆಯ ದನಿ. "ಹತ್ತತೈತೇನು ನೋಡಿದೆ. ಮಲಕೋರಿ."