ಶುಲ್ಕದಲ್ಲೇ ಸೇರಿರುವ ಗ್ರಂಥಾಲಯ

ವಿದ್ಯಾರ್ಥಿವೇತನದ ಅರ್ಜಿಗಳ ಜೊತೆ ಬರುವ ಖರ್ಚಿನ ಪಟ್ಟಿಯಲ್ಲಿ ಕಾಲೇಜು ಶುಲ್ಕ, ಹಾಸ್ಟೆಲ್, ಬಸ್ ಪಾಸ್ ಇರುವುದು ಸಹಜ. ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ. ಮಾಡುವವರ ಪಟ್ಟಿಯಲ್ಲಿ ಒಮ್ಮೊಮ್ಮೆ ‘ಆನ್‌ಲೈನ್ ಲೇಖನ ಖರೀದಿ’ ಎಂಬ ಬಾಬ್ತೂ ಇರುತ್ತದೆ. ಅದನ್ನು ಓದುವಾಗ ಸಮಿತಿಯವರಿಗೆ ಬೇಸರವಾಗುತ್ತದೆ. ಹಣ ಕೇಳಿದರೆಂದಲ್ಲ, ದುಡ್ಡು ಕೊಟ್ಟು ತೆಗೆದ ಆ ಲೇಖನ ಹೆಚ್ಚಾಗಿ ಅವರದೇ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಮೂಲಕ ಪುಕ್ಕಟೆ ಸಿಗುತ್ತಿತ್ತು ಎಂದು. ದಾನಿಗಳು ಕೊಟ್ಟ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಎರಡು ಬಾರಿ ಖರ್ಚು ಮಾಡಬಾರದು. ಆದ್ದರಿಂದ ಈ ಬಾರಿಯ ವರದಿಯಲ್ಲಿ ಈ ವಿಷಯಕ್ಕೆ ಸ್ವಲ್ಪ ಜಾಗ ಕೊಟ್ಟಿದ್ದೇವೆ.

ನಮ್ಮ ಮಡಂತ್ಯಾರು, ಪುಂಜಾಲಕಟ್ಟೆ, ಮೂಡುಬಿದಿರೆ ಕಡೆಯ ಪದವಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯವು. 1980ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯ ಇರುವುದು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ. ಇಲ್ಲಿಂದ ಬಿ.ಸಿ.ರೋಡಿಗೆ ಇಳಿದು, ಮತ್ತೆ ಬಸ್ಸು ಹಿಡಿದು ಅಲ್ಲಿಗೆ ಮುಟ್ಟಿ ವಾಪಸ್ ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಹಿಂದೆ ಸಂಶೋಧನೆ ಎಂದರೆ ಈ ಓಡಾಟವೇ ಆಗಿತ್ತು. ಈಗ ಗ್ರಂಥಾಲಯದ ಅರ್ಧ ಭಾಗ ಕಪಾಟಿನಲ್ಲಿದ್ದರೆ ಇನ್ನರ್ಧ ಅಂತರ್ಜಾಲದಲ್ಲಿದೆ.

ಅದು ನಡೆಯುವ ರೀತಿ ಹೀಗೆ. ವಿದೇಶೀ ಪ್ರಕಾಶಕರ ಜರ್ನಲುಗಳ ಚಂದಾ ಒಬ್ಬ ವಿದ್ಯಾರ್ಥಿಗೆ ಬಿಡಿ, ಒಂದು ವಿಶ್ವವಿದ್ಯಾನಿಲಯಕ್ಕೂ ಭಾರ. ಅದಕ್ಕಾಗಿ ಕೇಂದ್ರ ಸರ್ಕಾರ ಎಲ್ಲರ ಪರವಾಗಿ ಒಟ್ಟಿಗೆ ಚಂದಾ ಕಟ್ಟುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯನ್ನು 2025ರ ಜನವರಿಯಿಂದ ಆರಂಭಿಸಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲುಗಳು. ಸರ್ಕಾರಿ ವಿಶ್ವವಿದ್ಯಾನಿಲಯ ಮತ್ತು ಸರ್ಕಾರಿ ಕಾಲೇಜುಗಳಲ್ಲಿ ಓದುವವರು ಇದರ ಫಲಾನುಭವಿಗಳು. ಕ್ಯಾಂಪಸ್ಸಿನ ಒಳಗೆ ಅಲ್ಲಿನ ಇಂಟರ್‌ನೆಟ್ ಮೂಲಕವೇ ತೆರೆಯುತ್ತದೆ. ಮನೆಯಿಂದ ಓದಲು ಸಂಸ್ಥೆಯ ಮೂಲಕ ಪಡೆದ ಲಾಗಿನ್ ಬೇಕು.

ಖಾಸಗಿ ಆಡಳಿತದ ಕಾಲೇಜುಗಳು ಇದರ ಮೊದಲ ಹಂತದಲ್ಲಿ ಸೇರಿಲ್ಲ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಓದುವುದು ಅಂಥ ಕಾಲೇಜುಗಳಲ್ಲೇ ಆದ್ದರಿಂದ ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರಿಗೆ ಇನ್ನೊಂದು ದಾರಿ ಇದೆ. 2010ರಲ್ಲಿ ಆರಂಭವಾದ ‘ಎನ್-ಲಿಸ್ಟ್’ ಎಂಬ ವ್ಯವಸ್ಥೆಗೆ ಕಾಲೇಜು ವಾರ್ಷಿಕ ಶುಲ್ಕ ಕಟ್ಟಿ ಸದಸ್ಯನಾದರೆ ಸಾವಿರಾರು ಇ-ಜರ್ನಲು, ಸುಮಾರು ಎರಡು ಲಕ್ಷ ಇ-ಪುಸ್ತಕ ಅಲ್ಲಿನ ವಿದ್ಯಾರ್ಥಿಗಳಿಗೆ ಸಿಗುತ್ತವೆ. ನಿಮ್ಮ ಕಾಲೇಜು ಸದಸ್ಯನೇ ಎಂದು ಲೈಬ್ರರಿಯನ್ನರನ್ನು ಕೇಳಿ, ನಿಮ್ಮ ಇಮೇಲ್ ವಿಳಾಸ ಕೊಡಿ. ಯೂಸರ್ ಐಡಿ ಮಾಡಿಕೊಡುವುದು ಅವರ ಕೆಲಸದ ಭಾಗ. ನಾಚಿಕೊಂಡು ಕೇಳದೇ ಉಳಿಯುವವರೇ ಹೆಚ್ಚು.

ಇದರ ಬೆಲೆ ಹೆಚ್ಚು ತಿಳಿಯುವುದು ಹೆಣ್ಣುಮಕ್ಕಳಿಗೆ. ಎಂ.ಎ., ಎಂ.ಎಸ್ಸಿ. ಮುಗಿಸಿ ಮದುವೆಯಾಗಿ, ಮಗು ಸಣ್ಣದಿರುವಾಗ ಪಿಎಚ್.ಡಿ. ಅರ್ಧಕ್ಕೆ ಬಿಟ್ಟವರು ನಮ್ಮಲ್ಲಿ ಇದ್ದಾರೆ. ಕೊಣಾಜೆಗೆ ವಾರಕ್ಕೆ ಮೂರು ದಿನ ಹೋಗಲಾಗದು ಎಂಬುದೇ ಕಾರಣವಾಗಿದ್ದರೆ, ಓದಿನ ಮಟ್ಟಿಗೆ ಆ ಕಾರಣ ಈಗ ಅಷ್ಟು ಬಲವಾಗಿಲ್ಲ. ಮಗು ಮಲಗಿದ ಮೇಲೆ ಅಡಿಗೆಮನೆಯ ಮೇಜಿನ ಮೇಲೆ ಜರ್ನಲು ಓದಬಹುದು. ಮಾರ್ಗದರ್ಶಕರ ಭೇಟಿ, ಪ್ರಯೋಗಾಲಯದ ಕೆಲಸಕ್ಕೆ ಮಾತ್ರ ಹೋಗಲೇಬೇಕು.

ಲಾಗಿನ್ ಇಲ್ಲದೆಯೂ ಸಿಗುವುದು ‘ಶೋಧಗಂಗಾ’. ಪಿಎಚ್.ಡಿ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಹಾಗೆ ದೇಶದ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳು ಅಲ್ಲಿ ಸೇರಿವೆ, ಮಂಗಳೂರು ವಿಶ್ವವಿದ್ಯಾನಿಲಯದವೂ ಇವೆ. ಬ್ಯಾರಿ ಭಾಷೆ, ಕರಾವಳಿಯ ಮುಸ್ಲಿಮರು, ಬೀಡಿ ಕಾರ್ಮಿಕರು, ಯಾವ ವಿಷಯವೇ ಇರಲಿ, ಆಯ್ಕೆ ಮಾಡುವ ಮೊದಲು ಇಲ್ಲಿ ಒಮ್ಮೆ ಹುಡುಕಿ. ಕನ್ನಡದಲ್ಲಿ ಟೈಪ್ ಮಾಡಿ ಸಿಗದಿದ್ದರೆ ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ. ಹಳೆಯ ಪ್ರಬಂಧಗಳಲ್ಲಿ ಕೆಲವು ಬರೀ ಸ್ಕ್ಯಾನ್ ಚಿತ್ರಗಳು. ಒಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ, ಪುಟ ತಿರುವಿಯೇ ಓದಬೇಕು.

ಒಂದು ಎಚ್ಚರಿಕೆ. ಸಿಕ್ಕಿದ್ದನ್ನೆಲ್ಲ ನಕಲು ಮಾಡಿ ಅಂಟಿಸಿದರೆ ಅದೇ ವಿಶ್ವವಿದ್ಯಾನಿಲಯದ ತಪಾಸಣೆಯಲ್ಲಿ ಹಿಡಿಯಲಾಗುತ್ತದೆ. 2018ರ ಯುಜಿಸಿ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಅದರಾಚೆ ಶೇ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಮೂಲವನ್ನು ಸರಿಯಾಗಿ ಹೆಸರಿಸಿ ಉದ್ಧರಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಹೇಗೆ ಹೆಸರಿಸಬೇಕೆಂದು ಗೊತ್ತಿಲ್ಲದಿದ್ದರೆ ಬರೆಯಲು ಕೂರುವ ಮೊದಲೇ ಗ್ರಂಥಾಲಯದ ಸಿಬ್ಬಂದಿಯನ್ನು ಕೇಳುವುದು ಒಳ್ಳೆಯದು.

ಮುಂದಿನ ಸಾಲಿನಿಂದ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು ಅರ್ಜಿಯ ಜೊತೆ ಗ್ರಂಥಾಲಯ ಕಾರ್ಡಿನ ಪ್ರತಿಯನ್ನೂ ಲಗತ್ತಿಸಬೇಕು, ಇ-ಗ್ರಂಥಾಲಯದ ಲಾಗಿನ್ ಪಡೆದಿದ್ದಾರೆಯೇ ಎಂದು ನಮೂದಿಸಬೇಕು. ಪಾಸ್‌ವರ್ಡ್ ಬರೆಯಬೇಡಿ. ಲೇಖನ ಖರೀದಿಯ ಹಣ ಕೇಳುವವರು ಅದು ಗ್ರಂಥಾಲಯದಲ್ಲಿ ಲಭ್ಯವಿಲ್ಲವೆಂದು ಲೈಬ್ರರಿಯನ್ನರಿಂದ ಒಂದು ಸಾಲು ಬರೆಸಿ ತಂದರೆ ಸಮಿತಿ ಪರಿಗಣಿಸುತ್ತದೆ. ಕಾರ್ಡು ಮಾಡಿಸಿಕೊಳ್ಳಲು ತೊಂದರೆಯಾದವರು ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ಟ್ರಸ್ಟಿನ ಕಚೇರಿಗೆ ಬನ್ನಿ.